ಎರಡು ಫಿಲ್ಸ್ ಕರೆಂಟು

ಕುವೈತಿನ ಪ್ರಜೆ ತನ್ನ ಸ್ವಂತ ಮನೆಯ ಒಂದು ಯೂನಿಟ್ ಕರೆಂಟಿಗೆ ಕೊಡುವುದು 2 ಫಿಲ್ಸ್. ಸಾವಿರ ಫಿಲ್ಸ್ ಕೂಡಿದರೆ ಒಂದು ದಿನಾರ್, ಅಂದರೆ ನಮ್ಮ ಲೆಕ್ಕದಲ್ಲಿ ಯೂನಿಟ್ಟಿಗೆ ಒಂದು ರೂಪಾಯಿಯೂ ಬೀಳದು. ಈ ದರ ನಿಗದಿಯಾದದ್ದು 1966ರಲ್ಲಿ. ಆಮೇಲೆ ಅದನ್ನು ಮುಟ್ಟುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ.

ಈ ಅಗ್ಗದ ಹಿಂದಿರುವುದು ಎಣ್ಣೆ. ಕುವೈತಿನ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ. ಎರಡನೇ ಮಹಾಯುದ್ಧ ಮುಗಿದು ರಫ್ತು ಶುರುವಾದದ್ದು 1946ರಲ್ಲಿ. ಅಲ್ಲಿಯವರೆಗೆ ಕುವೈತಿನ ದೊಡ್ಡ ಕೊರತೆ ನೀರು. ಶತ್ ಅಲ್ ಅರಬ್ ನದಿಯಿಂದ ಹಾಯಿಹಡಗಿನಲ್ಲಿ ತಂದ ನೀರನ್ನು ಜನ ಕೊಂಡು ಕುಡಿಯುತ್ತಿದ್ದರು. ಎಣ್ಣೆಯ ದುಡ್ಡು ಬಂದ ಮೇಲೆ, 1950ರ ದಶಕದಲ್ಲಿ ಶುವೈಖ್‌ನಲ್ಲಿ ವಿದ್ಯುತ್ತನ್ನೂ ಸಿಹಿನೀರನ್ನೂ ಒಂದೇ ಕಡೆ ಮಾಡುವ ಏರ್ಪಾಟು ಬೆಳೆಯಿತು. ಬಾಯ್ಲರಿನ ಉಗಿ ಮೊದಲು ಟರ್ಬೈನು ತಿರುಗಿಸುತ್ತದೆ. ಅಲ್ಲಿಂದ ತೆಗೆದ ಉಗಿಯೇ ಮುಂದೆ ಸಮುದ್ರದ ನೀರನ್ನು ಕಾಯಿಸಿ ಆವಿ ಮಾಡುತ್ತದೆ. ಆ ಆವಿಯನ್ನು ತಣಿಸಿದರೆ ಕುಡಿಯುವ ನೀರು. ಜಾಣ ಏರ್ಪಾಟೇ. ಆದರೆ ನೀರು, ಕರೆಂಟು ಎರಡೂ ಒಂದೇ ಬೆಂಕಿಯನ್ನು ನೆಚ್ಚಿಕೊಂಡವು.

ಆ ಬೆಂಕಿಗೆ ಉಣಿಸುವುದರಲ್ಲಿ ಕಚ್ಚಾತೈಲವೂ ಇದೆ, ಅದನ್ನು ಸಂಸ್ಕರಿಸಿದ ಮೇಲೆ ತಳದಲ್ಲಿ ಉಳಿಯುವ ಭಾರದ ಎಣ್ಣೆಯೂ ಇದೆ. ಈ ಎರಡನೆಯದು ಜೋನಿಬೆಲ್ಲದ ಹಾಗೆ ಮಂದ. ಬಿಸಿ ಮಾಡಿ ತೆಳುವಾಗಿಸದೆ ಪಂಪೂ ಎಳೆಯದು, ಬರ್ನರೂ ಸಿಂಪಡಿಸದು. ಮೇಲಾಗಿ ಗಂಧಕದ ಹೊಗೆ.

ಹಾಗಾದರೆ ಗ್ಯಾಸನ್ನೇ ಉರಿಸಬಾರದೆ? ಇಲ್ಲೇ ಇರುವುದು ತೊಡಕು. ಕುವೈತಿನ ಗ್ಯಾಸಿನ ಬಹುಪಾಲು ಎಣ್ಣೆಯ ಜೊತೆಗೇ ಮೇಲೆ ಬರುವಂಥದ್ದು. ಹಿಂದೆ ಅದನ್ನು ಬಾವಿಯ ಬಾಯಲ್ಲೇ ಸುಟ್ಟು ಬಿಡುತ್ತಿದ್ದರು. ಈಗ ಒಂದೊಂದು ಗುಕ್ಕೂ ಬೇಕು. ಆದರೆ ಬೆಲೆ ಕುಸಿಯದಿರಲೆಂದು ಎಣ್ಣೆ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್ ಉತ್ಪಾದನೆ ಇಳಿಸಿದರೆ ಗ್ಯಾಸೂ ಇಳಿಯುತ್ತದೆ. ಸೆಕೆ ಮಾತ್ರ ಇಳಿಯುವುದಿಲ್ಲ: 2016ರ ಜುಲೈನಲ್ಲಿ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಯಿತು. ಎಸಿ ನಿಲ್ಲಿಸುವ ಮಾತೇ ಇಲ್ಲ. ಹೀಗಾಗಿ 2009ರಿಂದಲೇ ಎಣ್ಣೆಯ ನಾಡು ಬೇಸಿಗೆಗೆಂದು ಹಡಗಿನಲ್ಲಿ ದ್ರವೀಕೃತ ಗ್ಯಾಸನ್ನು ಹೊರಗಿನಿಂದ ತರಿಸತೊಡಗಿತು. ಅಲ್ ಝೋರ್‌ನಲ್ಲಿ ದಿನಕ್ಕೆ 6,15,000 ಬ್ಯಾರೆಲ್ ಸಾಮರ್ಥ್ಯದ ಸಂಸ್ಕರಣಾಗಾರ ಕಟ್ಟಿದ್ದರ ಮುಖ್ಯ ಉದ್ದೇಶವೂ ವಿದ್ಯುತ್ ಸ್ಥಾವರಗಳಿಗೆ ಗಂಧಕ ಕಡಿಮೆಯಿರುವ ಎಣ್ಣೆ ಒದಗಿಸುವುದು.

ನನಗೆ ಕಾಣುವ ಮಟ್ಟಿಗೆ ರೋಗದ ಮೂಲ ಇಂಧನವಲ್ಲ, ದರ. ಹೊರಗೆ ಮಾರಿದರೆ ಒಳ್ಳೆಯ ಬೆಲೆ ಬರುವ ಎಣ್ಣೆಯನ್ನು ಉರಿಸಿ, ಖರ್ಚಿನ ಸಣ್ಣ ಚೂರನ್ನಷ್ಟೇ ಕೇಳಿದರೆ ಖಾಲಿ ಕೋಣೆಯ ಎಸಿ ಯಾರು ಆರಿಸುತ್ತಾರೆ? 2017ರಲ್ಲಿ ಬಾಡಿಗೆ ಅಪಾರ್ಟ್‌ಮೆಂಟುಗಳ ದರ 5 ಫಿಲ್ಸ್‌ಗೆ ಏರಿತು. ಅವುಗಳಲ್ಲಿ ಇರುವವರು ಹೆಚ್ಚಾಗಿ ಹೊರನಾಡಿನವರು. ನಮ್ಮ ಮಂಗಳೂರು, ಉಡುಪಿಯ ಕಡೆಯವರೂ ಅವರಲ್ಲಿದ್ದಾರೆ. ಮತ ಹಾಕುವವರ ಮನೆಯ ದರ ಇದ್ದಲ್ಲೇ ಇತ್ತು.

2024ರ ಜೂನ್‌ನಲ್ಲಿ ಸ್ಥಾವರಗಳು ಬೇಡಿಕೆಗೆ ಸಾಲದೆ ಹೋದವು. ಕೆಲವು ಬಡಾವಣೆಗಳಿಗೆ ಸರದಿಯಂತೆ ಒಂದೆರಡು ಗಂಟೆ ಕರೆಂಟು ತೆಗೆಯುವುದಾಗಿ ವಿದ್ಯುತ್ ಸಚಿವಾಲಯ ಪ್ರಕಟಿಸಿತು. 2025ರ ಏಪ್ರಿಲ್‌ನಲ್ಲಿ, ಕಡುಬೇಸಿಗೆ ಇನ್ನೂ ದೂರವಿರುವಾಗಲೇ, ಮತ್ತೆ ಲೋಡ್ ಶೆಡ್ಡಿಂಗ್ ಬಂತು.