ಹಾಲಿನ ಸೊಸೈಟಿಗೆ ಆಡಿಟ್ ಬರುವ ಮೊದಲು

ಹಾಲಿನ ಸೊಸೈಟಿಯ ಆಡಿಟ್ ಎಂದರೆ ಕಾರ್ಯದರ್ಶಿಯ ತಲೆಬಿಸಿ, ನಮಗೇನು ಎಂಬ ಭಾವನೆ ಸದಸ್ಯರಲ್ಲಿ ಮಾತ್ರ ಅಲ್ಲ, ನಿರ್ದೇಶಕರಲ್ಲೂ ಇದೆ. ಆದರೆ ವರ್ಷಕ್ಕೊಮ್ಮೆ ಸಿಗುವ ಬೋನಸ್ ನಿಂತಿರುವುದು ಇದರ ಮೇಲೆಯೇ. ಸಂಘಕ್ಕೆ ಲಾಭ ಎಷ್ಟು ಅಂತ ಆಡಿಟರು ಬರೆದುಕೊಟ್ಟು, ಮಹಾಸಭೆ ಒಪ್ಪಿದ ಮೇಲೆಯೇ ಹಂಚಿಕೆ. ಆಡಿಟ್ ತಡವಾದರೆ ಮಹಾಸಭೆ ತಡ. ಮಹಾಸಭೆ ತಡವಾದರೆ ಬೋನಸ್ ತಡ. ಇನ್ನೊಂದು ಪೆಟ್ಟು ಹೆಚ್ಚಿನವರಿಗೆ ಗೊತ್ತಿಲ್ಲ. ಆದಾಯ ತೆರಿಗೆಯಲ್ಲಿ ಹಾಲಿನ ಸಂಘಗಳಿಗೆ ಇರುವ ರಿಯಾಯಿತಿ ಸಿಗಬೇಕಾದರೆ ರಿಟರ್ನ್ ಗಡುವಿನೊಳಗೆ ಹೋಗಬೇಕು. ಲೆಕ್ಕವೇ ಮುಗಿಯದೆ ರಿಟರ್ನ್ ಹೋಗುವುದು ಹೇಗೆ?

ಆಡಿಟ್ ನಮ್ಮ ಮೇಲೆ ಹೊಸತಾಗಿ ಹೇರಿದ್ದೇನೂ ಅಲ್ಲ. 1904ರ ಸಹಕಾರಿ ಕಾಯಿದೆಯಲ್ಲೇ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಕಡ್ಡಾಯ ಎಂದಿತ್ತು. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘವೂ ಇದರಡಿಯಲ್ಲೇ ನಡೆದದ್ದು. ಈಗ ನಮಗೆ ಅನ್ವಯ ಆಗುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆ, ಅದರ 63ನೇ ಕಲಂ. ಹಿಂದೆ ಇಲಾಖೆಯವರೇ ಆಡಿಟಿಗೆ ಬರುತ್ತಿದ್ದರು. 2013ರ ತಿದ್ದುಪಡಿಯ ನಂತರ ಇಲಾಖೆ ಒಪ್ಪಿದ ಪಟ್ಟಿಯಿಂದ ಆಡಿಟರನ್ನು ಆರಿಸುವುದು ಮಹಾಸಭೆ. ಅಂದರೆ ನಾವೇ. ಮಹಾಸಭೆಯಲ್ಲಿ ಈ ವಿಷಯ ಬರುವಾಗ ಅರ್ಧ ಜನ ಊಟದ ಪಂಕ್ತಿಯ ಕಡೆ ನೋಡುತ್ತಿರುತ್ತಾರೆ ಎಂಬುದು ಬೇರೆ ಮಾತು.

ಸಂಘದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹಾಗಾಗಿ ತಯಾರಿ ಶುರುವಾಗಬೇಕಾದ್ದು ಮಾರ್ಚ್ ಮೊದಲ ವಾರದಲ್ಲಿ. ಆಡಿಟರು ಫೋನ್ ಮಾಡಿದ ದಿನ ಅಲ್ಲ.

ಮೊದಲಿಗೆ ಕಳೆದ ವರ್ಷದ ಆಡಿಟ್ ವರದಿ ಹೊರಗೆ ತೆಗೆಯಿರಿ. ಅದರಲ್ಲಿ ತೋರಿಸಿದ ನ್ಯೂನತೆಗಳಿಗೆ ಸಂಘ ಏನು ಮಾಡಿತು ಎಂಬ ಅನುಪಾಲನಾ ವರದಿ ಇರಬೇಕು. ಈ ವರ್ಷದ ಆಡಿಟರು ಮೊದಲು ಕೇಳುವುದು ಅದನ್ನೇ. ಎಷ್ಟೋ ಕಡೆ ವರದಿಯ ಲಕೋಟೆ ಒಡೆದಿರುವುದೇ ಇಲ್ಲ. ಒಂದೇ ಆಕ್ಷೇಪ ಮೂರು ವರ್ಷ ಪುನಃ ಪುನಃ ಬಂದರೆ ಆಡಳಿತ ಮಂಡಳಿಗೆ ಕಾಳಜಿ ಇಲ್ಲ ಅಂತಲೇ ಅರ್ಥ. ಎ, ಬಿ, ಸಿ, ಡಿ ಅಂತ ಸಂಘಕ್ಕೆ ವರ್ಗ ಕೊಡುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಹಾಲಿನ ಲೆಕ್ಕ. ಕಷ್ಟ ಇರುವುದು ಇಲ್ಲೇ. ಸದಸ್ಯರಿಂದ ಬಂದ ಹಾಲು, ಊರಲ್ಲಿ ಮಾರಿದ್ದು, ಒಕ್ಕೂಟಕ್ಕೆ ಕಳಿಸಿದ್ದು, ಈ ಮೂರು ದಿನಾ ಎರಡು ಹೊತ್ತೂ ತಾಳೆ ಆಗಬೇಕು. ತಾಳೆ ಅಂದರೆ ಅಂಕಿ ಸಮ ಬರುವುದು ಅಂತ ತಿಳಿಯಬೇಡಿ. ಹಾಲು ನೀರಿಗಿಂತ ಭಾರ. ಒಂದು ಲೀಟರ್ ಹಾಲು ಹೆಚ್ಚುಕಡಿಮೆ 1.03 ಕಿಲೋ ತೂಗುತ್ತದೆ. ಸಂಘ ಲೀಟರಿನಲ್ಲಿ ಅಳೆದು ತೆಗೆದುಕೊಂಡು, ಒಕ್ಕೂಟ ಕಿಲೋ ಲೆಕ್ಕದಲ್ಲಿ ಸ್ವೀಕರಿಸುವುದಾದರೆ ವ್ಯತ್ಯಾಸ ಕಾಣಲೇಬೇಕು. ಬೆಳಗ್ಗೆ 200 ಲೀಟರ್ ಬಂತು, 20 ಲೀಟರ್ ಸ್ಥಳೀಯ ಮಾರಾಟ ಆಯ್ತು ಅಂತ ಇಟ್ಟುಕೊಳ್ಳಿ. ಉಳಿದ 180 ಲೀಟರು ಟ್ರಕ್ ಶೀಟಿನಲ್ಲಿ ಸುಮಾರು 185 ಕಿಲೋ ಆಗಿ ಬರಬೇಕು. ಅಲ್ಲಿಯೂ 180 ಅಂತಲೇ ಇದ್ದರೆ ಆ 5 ಕಿಲೋ ಎಲ್ಲಿಗೆ ಹೋಯಿತು? ಹೊತ್ತಿಗೆ 5 ಕಿಲೋ ಎಂದರೆ ವರ್ಷಕ್ಕೆ 3,650 ಕಿಲೋ. ಅನುಭವ ಇರುವ ಆಡಿಟರು ಲೆಕ್ಕ ಅತಿ ಚೆಂದವಾಗಿ ಸಮ ಬಂದ ಕಡೆಯೇ ಮೊದಲು ಬೆರಳಿಡುತ್ತಾರೆ. ಸಂಘವೂ ಕಿಲೋದಲ್ಲೇ ತೂಗಿ ತೆಗೆದುಕೊಳ್ಳುವುದಾದರೆ ಈ ರಗಳೆ ಇಲ್ಲ.

ಮಾದರಿ ಹಾಲಿನದ್ದೂ ಹೀಗೆಯೇ. ಪರೀಕ್ಷೆಗೆ ಒಬ್ಬರಿಂದ 50 ಮಿ.ಲೀ. ತೆಗೆದರೆ 80 ಮಂದಿಯಿಂದ ಹೊತ್ತಿಗೆ 4 ಲೀಟರ್, ದಿನಕ್ಕೆ 8, ವರ್ಷಕ್ಕೆ 2,920 ಲೀಟರ್. ಅದು ಸಂಘದ ಸೊತ್ತು. ಕ್ಯಾನಿಗೆ ಸೇರಿತೋ, ಮಾರಾಟ ಆಯ್ತೋ, ಪುಸ್ತಕದಲ್ಲಿ ಕಾಣಬೇಕು.

ಹಿಂಡಿಯ ದಾಸ್ತಾನು ನಿರ್ದೇಶಕರೇ ಹೋಗಿ ಎಣಿಸುವಂಥದ್ದು. ಮಾರ್ಚ್ 31ರ ಸಂಜೆ ಹಾಲು ಹೋದ ಮೇಲೆ ಅಧ್ಯಕ್ಷರು ಮತ್ತು ಇಬ್ಬರು ನಿರ್ದೇಶಕರು ಗೋದಾಮಿಗೆ ಹೋಗಿ. ವರ್ಷದ ಆರಂಭಕ್ಕೆ 18 ಚೀಲ, ಬಂದದ್ದು 240, ಮಾರಿದ್ದು 231 ಅಂತ ಪುಸ್ತಕದಲ್ಲಿದ್ದರೆ 27 ಚೀಲ ಕಣ್ಣಿಗೆ ಕಾಣಬೇಕು. 24 ಇದ್ದರೆ ಕಾರಣ ಅಲ್ಲೇ ಹುಡುಕಿ. ಒಂದು ಚೀಲ ಇಲಿ ಕಡಿದು ಹಾಳಾಗಿರಬಹುದು, ಎರಡು ಚೀಲ ಯಾರಿಗೋ ಬಿಲ್ಲಿಲ್ಲದೆ ಸಾಲ ಕೊಟ್ಟಿರಬಹುದು. ಸಾಲ ಕೊಟ್ಟದ್ದಕ್ಕೆ ಆ ದಿನವೇ ಬಿಲ್ ಹಾಕಿ, ಹಾಳಾದದ್ದಕ್ಕೆ ಮಂಡಳಿಯ ನಿರ್ಣಯ ಮಾಡಿ. ಎಣಿಸಿದ ಪಟ್ಟಿಗೆ ಎಲ್ಲರೂ ಸಹಿ ಹಾಕಬೇಕು. ಜುಲೈಯಲ್ಲಿ ಬಂದ ಆಡಿಟರು ಮಾರ್ಚ್ 31ರ ಚೀಲ ಎಣಿಸಲು ಸಾಧ್ಯವೇ? ಅವರಿಗೆ ಆಧಾರ ಈ ಕಾಗದ ಮಾತ್ರ.

ಅದೇ ಹೊತ್ತಿಗೆ ಕಪಾಟಿನ ನಗದನ್ನೂ ಎಣಿಸಿ. 500ರ ನೋಟು ಎಷ್ಟು, 100 ಎಷ್ಟು, ಚಿಲ್ಲರೆ ಎಷ್ಟು ಅಂತ ಬರೆದು ನಗದು ಪುಸ್ತಕದ ಶಿಲ್ಕಿನ ಜತೆ ಹೋಲಿಸಿ. ಕೈಯಲ್ಲಿ ಎಷ್ಟು ನಗದು ಇಡಬಹುದು ಅಂತ ಉಪನಿಯಮದಲ್ಲಿದೆ. ಅದಕ್ಕಿಂತ ಹೆಚ್ಚು ತಿಂಗಳುಗಟ್ಟಲೆ ಕೈಮೇಲೆ ಇದ್ದರೆ ಆಕ್ಷೇಪ ಖಂಡಿತ. ಅದು ಕಾರ್ಯದರ್ಶಿಯ ಮೇಲಿನ ಸಂಶಯ ಅಂತ ಬೇಸರಿಸಬೇಕಿಲ್ಲ. ವರ್ಷದಲ್ಲಿ ನಾಲ್ಕು ಸಲ ಹೇಳದೆ ಎಣಿಸಿ ಸಹಿ ಹಾಕಿಟ್ಟರೆ ಪ್ರಾಮಾಣಿಕ ಕಾರ್ಯದರ್ಶಿಗೆ ಅದೇ ದೊಡ್ಡ ರಕ್ಷಣೆ.

ಬ್ಯಾಂಕ್ ಶಿಲ್ಕಿನ ವಿಷಯದಲ್ಲಿ ಹೆಚ್ಚಿನವರಿಗೆ ಗೊಂದಲ. ನಮ್ಮ ನಗದು ಪುಸ್ತಕದಲ್ಲಿ ಬ್ಯಾಂಕಿನ ಶಿಲ್ಕು 84,600 ರೂಪಾಯಿ, ಪಾಸ್ ಪುಸ್ತಕದಲ್ಲಿ 92,350. ಯಾವುದು ಸರಿ? ಎರಡೂ ಸರಿ ಇರಬಹುದು. ಹಿಂಡಿಗೆ ಮಾರ್ಚ್ 29ರಂದು ಕೊಟ್ಟ 9,200ರ ಚೆಕ್ ಇನ್ನೂ ಬ್ಯಾಂಕಿಗೆ ಹೋಗಿಲ್ಲ. ಅದನ್ನು ಕೂಡಿಸಿದರೆ 93,800. ನಾವು ಕಟ್ಟಿದ 1,200ರ ಚೆಕ್ ಜಮಾ ಆಗಿಲ್ಲ, ಕಳೆದರೆ 92,600. ಬ್ಯಾಂಕು 250 ರೂಪಾಯಿ ಶುಲ್ಕ ಹಿಡಿದಿದೆ, ಅದನ್ನೂ ಕಳೆದರೆ 92,350. ಸರಿ ಬಂತಲ್ಲ? ಮೊದಲ ಎರಡಕ್ಕೆ ಹೊಸ ನಮೂದು ಬೇಡ, ಕೆಲವು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಆ 250ನ್ನು ಮಾರ್ಚಿನಲ್ಲೇ ಖರ್ಚು ಬರೆಯಬೇಕು, ಆಗ ನಮ್ಮ ಶಿಲ್ಕು 84,350. ಈ ಹೊಂದಾಣಿಕೆ ಪಟ್ಟಿ ತಿಂಗಳು ತಿಂಗಳು ಮಾಡಿದರೆ ಹತ್ತು ನಿಮಿಷದ ಕೆಲಸ. ಹನ್ನೆರಡು ತಿಂಗಳದ್ದು ಒಟ್ಟಿಗೆ ಮಾಡಲು ಕೂತರೆ ಹನ್ನೆರಡು ದಿನ ಸಾಲದು ಮಾರಾಯ್ರೆ!

ಈಗ ಬೋನಸ್ಸಿಗೇ ಕುತ್ತು ತರುವ ವಿಷಯಕ್ಕೆ ಬರೋಣ. ಮಾರ್ಚ್ ಕೊನೆಯ ಹತ್ತು ದಿನದ ಹಾಲಿನ ಹಣ ಒಕ್ಕೂಟದಿಂದ ಬರುವುದು ಏಪ್ರಿಲಿನಲ್ಲಿ. ಸದಸ್ಯರಿಗೆ ಬಟವಾಡೆ ಆಗುವುದೂ ಏಪ್ರಿಲಿನಲ್ಲಿ. ಆದರೆ ಹಾಲು ಮಾರ್ಚಿನದ್ದು. ಹಾಗಾಗಿ ಒಕ್ಕೂಟದಿಂದ ಬರತಕ್ಕದ್ದು ಮತ್ತು ಸದಸ್ಯರಿಗೆ ಕೊಡತಕ್ಕದ್ದು, ಎರಡನ್ನೂ ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ ತೋರಿಸಬೇಕು. ಬರಬೇಕಾದ್ದು 1,10,000, ಕೊಡಬೇಕಾದ್ದು 98,000 ಎಂದಾದರೆ ಸಂಘಕ್ಕೆ ಉಳಿಯುವುದು 12,000. ಬರುವುದನ್ನು ಮಾತ್ರ ಬರೆದು ಕೊಡುವುದನ್ನು ಬಿಟ್ಟರೆ ಲಾಭ 98,000ದಷ್ಟು ಉಬ್ಬಿ ಕಾಣುತ್ತದೆ. ನನಗೆ ಗೊತ್ತಿರುವ ಒಂದು ಸಂಘದಲ್ಲಿ ಹೀಗೆ ಉಬ್ಬಿದ ಲಾಭ ನೋಡಿ ಬೋನಸ್ ಇಷ್ಟು ಅಂತ ಸದಸ್ಯರಿಗೆ ಮೊದಲೇ ಹೇಳಿಬಿಟ್ಟರು. ಆಡಿಟಿನಲ್ಲಿ ಗಾಳಿ ಇಳಿಯಿತು. ಮಹಾಸಭೆಯಲ್ಲಿ ಗಲಾಟೆಯೋ ಗಲಾಟೆ. ಕದ್ದವರು ಯಾರೂ ಇರಲಿಲ್ಲ. ಆದರೂ ಕೆಲವು ಮನೆಯವರು ಹಾಲು ಹಾಕುವುದನ್ನೇ ನಿಲ್ಲಿಸಿದರು.

ಓಚರುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ರಮಸಂಖ್ಯೆ, ತಾರೀಕು, ಪಡೆದವರ ಸಹಿ, ಅಧ್ಯಕ್ಷರ ಮಂಜೂರಾತಿ, ಇಷ್ಟು ಇರಲಿ. ಒಂದೇ ಸೂಚನೆ: ಈಗ ಅಂಗಡಿಗಳಲ್ಲಿ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿ ಮೂಲ ಬಿಲ್ಲಿಗೆ ಪಿನ್ ಮಾಡಿ. ಹಾಲಿನ ಲೆಕ್ಕ ಕಂಪ್ಯೂಟರಿನಲ್ಲಿರುವ ಸಂಘಗಳು ಮಾರ್ಚ್ 31ರ ಸದಸ್ಯವಾರು ಪಟ್ಟಿಯನ್ನು ಅಚ್ಚು ಮಾಡಿ ಸಹಿ ಹಾಕಿಡಿ. ಸಿಡಿಲಿಗೆ ಯಂತ್ರ ಸುಟ್ಟರೆ ಕಾಗದವೇ ಗತಿ. ಮಳೆಗಾಲದಲ್ಲಿ ಆ ಕಾಗದಕ್ಕೂ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳಬೇಕು.

ನಡವಳಿ ಪುಸ್ತಕವನ್ನು ಆಡಿಟರು ಲೆಕ್ಕದ ಪುಸ್ತಕದಷ್ಟೇ ಗಮನದಿಂದ ಓದುತ್ತಾರೆ. ಹೊಸ ತೂಕದ ಯಂತ್ರ ಕೊಂಡಿರಿ, ಬಿಲ್ಲೂ ಇದೆ. ಆದರೆ ಕೊಳ್ಳಬೇಕು ಎಂಬ ನಿರ್ಣಯ ಕೊಂಡ ತಾರೀಕಿನ ನಂತರದ್ದು! ಹೀಗಾದರೆ ಸಾಚಾ ಖರ್ಚೂ ಆಕ್ಷೇಪಕ್ಕೆ ಬೀಳುತ್ತದೆ. ಪುಟಗಳ ನಡುವೆ ಖಾಲಿ ಜಾಗ ಬಿಡಬೇಡಿ. ಸಭೆಗೆ ಬಾರದವರ ಸಹಿಯನ್ನು ಮರುದಿನ ಮನೆಗೆ ಹೋಗಿ ಹಾಕಿಸುವ ಅಭ್ಯಾಸವಂತೂ ಬೇಡವೇ ಬೇಡ. ನಿರ್ದೇಶಕರು ಒಂದು ವಿಷಯ ತಿಳಿದಿರಬೇಕು. ಸಂಘದ ಹಣ ದುರುಪಯೋಗವಾದರೆ ಅಥವಾ ನಿರ್ಲಕ್ಷ್ಯದಿಂದ ನಷ್ಟವಾದರೆ ಕಾಯಿದೆಯ 69ನೇ ಕಲಂ ಪ್ರಕಾರ ಹೊಣೆಗಾರರಿಂದ ವಸೂಲಿ ಮಾಡಬಹುದು. ಓದದೆ ಸಹಿ ಹಾಕಿದೆ ಎಂಬುದು ಅಲ್ಲಿ ಉತ್ತರ ಆಗುವುದಿಲ್ಲ.

ಸದಸ್ಯರ ಕೆಲಸವೂ ಸ್ವಲ್ಪ ಇದೆ. ಪಾಲು ಹಣ, ಹಿಂಡಿಯ ಸಾಲ ನಿಮ್ಮ ಹೆಸರಲ್ಲಿ ಎಷ್ಟಿದೆ ಅಂತ ಏಪ್ರಿಲಿನಲ್ಲಿ ಕೇಳಿ, ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳಿ. ಆಡಿಟರು ಕೆಲವು ಸದಸ್ಯರನ್ನು ಆರಿಸಿ ಶಿಲ್ಕು ಒಪ್ಪಿಗೆಯೇ ಅಂತ ಕೇಳುವುದುಂಟು. ಆಗ ಪಾಸ್ ಪುಸ್ತಕ ಸೊಸೈಟಿಯಲ್ಲೇ ಬಿದ್ದಿದ್ದರೆ ನೀವು ಏನಂತ ಹೇಳುತ್ತೀರಿ?

ಆಡಿಟ್ ನಡೆಯುವ ದಿನ ಕಾರ್ಯದರ್ಶಿ ಒಬ್ಬರನ್ನೇ ಬಿಡದೆ ಅಧ್ಯಕ್ಷರೋ ಒಬ್ಬ ನಿರ್ದೇಶಕರೋ ಜತೆಗಿರಲಿ. ಕೇಳಿದ ದಾಖಲೆ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಹೇಳಿ, ಹುಡುಕಿ ಕೊಡಲು ಎರಡು ದಿನ ಕೇಳಿ. ರಾತ್ರಿ ಕೂತು ಹೊಸ ಓಚರು ಬರೆಯಬೇಡಿ. ಶಾಯಿಯ ಬಣ್ಣ, ಕ್ರಮಸಂಖ್ಯೆ ನೋಡಿಯೇ ಅವರು ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ಆಕ್ಷೇಪಗಳ ಕರಡು ಕೇಳಿ ಪಡೆದುಕೊಳ್ಳಿ. ಉತ್ತರ ಇರುವಂಥವು ಅಲ್ಲೇ ಬಿದ್ದುಹೋಗುತ್ತವೆ. ಉಳಿದದ್ದನ್ನು ಮುಂದಿನ ಮಂಡಳಿ ಸಭೆಯಲ್ಲಿ ಗಟ್ಟಿಯಾಗಿ ಓದಿ, ಯಾವುದನ್ನು ಯಾರು ಯಾವಾಗ ಸರಿಪಡಿಸುವುದು ಅಂತ ನಡವಳಿಯಲ್ಲಿ ಬರೆಸಿ. ಅದರ ಒಂದು ಪ್ರತಿ ಮಹಾಸಭೆಯ ದಿನ ಮೇಜಿನ ಮೇಲೆ ಇರಲಿ, ನೋಡಬೇಕೆಂದವರು ನೋಡಲಿ.