ಹುಳಿ ಮಣ್ಣಿಗೆ ಸುಣ್ಣವೋ, ಜಿಪ್ಸಮ್ಮೋ?

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹೋಗುವವರಿಗೆ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳು ದೂರದಿಂದಲೇ ಕಾಣುತ್ತವೆ. ಗಣಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು, ದಿಬ್ಬಗಳು ಉಳಿದವು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಮಿಕ್ಕ ಮಣ್ಣು ಇದು. ಸೈನೈಡ್ ಬಳಸುವಲ್ಲೆಲ್ಲ ಸುಣ್ಣವನ್ನೂ ಬೆರೆಸುವುದು ಈ ಕೆಲಸದ ನಿಯಮ. ಏಕೆಂದರೆ ಹುಳಿ ಸೇರಿದರೆ ಹೀಗಾಗುತ್ತದೆ:

ಹೈಡ್ರೋಜನ್ ಅಯಾನು + ಸೈನೈಡ್ ಅಯಾನು → ಹೈಡ್ರೋಜನ್ ಸೈನೈಡ್

ಇದು ಪ್ರಾಣ ತೆಗೆಯುವ ಅನಿಲ. ಸುಣ್ಣ ಹಾಕಿದರೆ ಹುಳಿ ಬೇರೆ ದಾರಿ ಹಿಡಿಯುತ್ತದೆ:

ಹೈಡ್ರೋಜನ್ ಅಯಾನು + ಹೈಡ್ರಾಕ್ಸೈಡ್ ಅಯಾನು → ನೀರು

ಸುಣ್ಣದಲ್ಲಿದ್ದ ಕ್ಯಾಲ್ಸಿಯಂ ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ದ್ರಾವಣದಲ್ಲೇ ಇದೆ, ಜಾತ್ರೆಯಲ್ಲಿ ಕುಸ್ತಿ ನೋಡುವವರ ಹಾಗೆ. ಅಖಾಡಕ್ಕಿಳಿಯದವರ ಹೆಸರು ಬಿಟ್ಟು, ಸೆಣಸಿದವರದನ್ನಷ್ಟೇ ಬರೆದರೆ ಅದೇ ನಿವ್ವಳ ಅಯಾನು ಸಮೀಕರಣ. ಶಾಲೆಯ ಮಕ್ಕಳು ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ರೈತರಿಗೆ ಇದು ದುಡ್ಡಿನ ಲೆಕ್ಕ.

ನಮ್ಮ ಕೆಂಪು ಮಣ್ಣು ಕೆಲವೆಡೆ ಹುಳಿಯಾಗಿರುತ್ತದೆ. ವರ್ಷಗಟ್ಟಲೆ ಅಮೋನಿಯಂ ಸಲ್ಫೇಟ್ ಹಾಕಿದ ಹೊಲದಲ್ಲಿ ಹುಳಿ ಇನ್ನೂ ಏರುತ್ತದೆ. ಆಗ "ಜಿಪ್ಸಮ್ಮೂ ಸುಣ್ಣದ ಜಾತಿಯೇ, ಹಾಕಿ" ಎನ್ನುವವರು ಸಿಗುತ್ತಾರೆ. ಎರಡರಲ್ಲೂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಕ್ಯಾಲ್ಸಿಯಂ ಇಲ್ಲಿ ನೋಡುಗ ಮಾತ್ರ! ಸುಣ್ಣದ ಕಲ್ಲಿನ ಪುಡಿಯಲ್ಲಿ ಕೆಲಸ ಮಾಡುವುದು ಕಾರ್ಬೊನೇಟು. ಅದು ಎರಡು ಹೈಡ್ರೋಜನ್ ಅಯಾನುಗಳನ್ನು ಹಿಡಿದು ನೀರು, ಇಂಗಾಲದ ಡೈ ಆಕ್ಸೈಡ್ ಆಗುತ್ತದೆ. ಜಿಪ್ಸಮ್ಮಿನ ಸಲ್ಫೇಟು ಹುಳಿಯನ್ನು ಹಾಗೆ ಹಿಡಿಯುವುದಿಲ್ಲ. ಆದ್ದರಿಂದ ಮೂಟೆಗಟ್ಟಲೆ ಸುರಿದರೂ ರಸಸಾರ ಮೇಲೇಳದು. ಜಿಪ್ಸಮ್ಮಿಗೆ ತಕ್ಕ ಜಾಗ ಚೌಳು ಮಣ್ಣು, ಇಲ್ಲವೇ ಹೂ ಬಿಟ್ಟ ಕಡಲೆಕಾಯಿ.

ಸುಣ್ಣದಲ್ಲೂ ಬಗೆಗಳಿವೆ. ಶುದ್ಧವಾದ ೧೦೦ ಕಿಲೋ ಸುಣ್ಣದ ಕಲ್ಲಿನ ಪುಡಿ ಮಾಡುವ ಕೆಲಸವನ್ನು ೭೪ ಕಿಲೋ ಅರಳಿದ ಸುಣ್ಣ, ೫೬ ಕಿಲೋ ಸುಟ್ಟ ಸುಣ್ಣ ಮಾಡುತ್ತವೆ. ಬೆಲೆ ಕೇಳುವಾಗ ಈ ಅಂಕಿಗಳು ನೆನಪಿರಲಿ. ಎಕರೆಗೆ ಎಷ್ಟೆಂಬುದನ್ನು ಮಾತ್ರ ಅಂದಾಜಿನಲ್ಲಿ ಹೇಳಲಾಗದು. ಮಣ್ಣಿನ ಮಾದರಿ ತೆಗೆದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಪರೀಕ್ಷೆ ಮಾಡಿಸಿಕೊಳ್ಳಿರಿ.

ಇನ್ನೊಂದು ಎಚ್ಚರ. ಅರಳಿದ ಸುಣ್ಣವನ್ನೂ ಅಮೋನಿಯಂ ಗೊಬ್ಬರವನ್ನೂ ಬೆರೆಸಿ ಎರಚಬೇಡಿರಿ. ಮೂಗಿಗೆ ಘಾಟು ಹೊಡೆದರೆ ಗೊಬ್ಬರ ಗಾಳಿಗೆ ಹೋಗುತ್ತಿದೆ ಎಂದೇ ತಿಳಿಯಿರಿ:

ಅಮೋನಿಯಂ ಅಯಾನು + ಹೈಡ್ರಾಕ್ಸೈಡ್ ಅಯಾನು → ಅಮೋನಿಯಾ + ನೀರು