ಆರೋಗ್ಯ ವಿಮೆ: ಅವಧಿಗೆ ಮೊದಲು ಕಂಪನಿ ಬದಲಿಸುವವರು ತಿಳಿದಿರಬೇಕಾದದ್ದು

ಪ್ರೀಮಿಯಂ ಏರಿತು, ಕ್ಲೇಮ್ ಹಣ ತಡವಾಯಿತು, ಊರಿನ ಆಸ್ಪತ್ರೆ ಕಂಪನಿಯ ಪಟ್ಟಿಯಲ್ಲಿಲ್ಲ. ಇಂಥ ಕಾರಣಗಳಿಗೆ ಬೇಸತ್ತು, ವರ್ಷದ ನಡುವೆಯೇ ಆರೋಗ್ಯ ವಿಮೆ ರದ್ದು ಮಾಡಿಸಿ ಬೇರೆ ಕಂಪನಿಯಲ್ಲಿ ಹೊಸ ಪಾಲಿಸಿ ಮಾಡಿಸುವ ಕುಟುಂಬಗಳಿವೆ. ಕಂಪನಿ ಬದಲಿಸುವುದು ತಪ್ಪಲ್ಲ. ಆದರೆ ರದ್ದು ಮಾಡಿ ಹೊಸದು ಕೊಳ್ಳುವುದು ಬೇರೆ, ಇರುವ ಪಾಲಿಸಿಯನ್ನು ವರ್ಗಾಯಿಸಿಕೊಳ್ಳುವುದು ಬೇರೆ. ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಿದ್ದರೆ ಈ ವ್ಯತ್ಯಾಸ ಲಕ್ಷಗಟ್ಟಲೆ ರೂಪಾಯಿಯದು.

ಕಳೆದುಹೋಗುವುದು ಏನು?

ಪಾಲಿಸಿ ಮಾಡಿಸುವಾಗಲೇ ಇದ್ದ ಕಾಯಿಲೆಗೆ ಕೂಡಲೇ ಪರಿಹಾರ ಸಿಗುವುದಿಲ್ಲ, ಕಾಯಬೇಕು. ಈ ಕಾಯುವ ಅವಧಿಯ ಗರಿಷ್ಠ ಮಿತಿ ಮೊದಲು 4 ವರ್ಷವಿತ್ತು. 2024ರ ಏಪ್ರಿಲ್‌ನಿಂದ ಅದು 3 ವರ್ಷಕ್ಕೆ ಇಳಿದಿದೆ. ತಪ್ಪದೆ ನವೀಕರಿಸಿದ ಪ್ರತಿ ವರ್ಷವೂ ಇದರಲ್ಲಿ ಜಮೆಯಾಗುತ್ತದೆ.

ಒಂದು ಉದಾಹರಣೆ ನೋಡಿ. ಸಕ್ಕರೆ ಕಾಯಿಲೆ ಇರುವ ಅಂಗಡಿಯವರೊಬ್ಬರು 5 ಲಕ್ಷ ರೂಪಾಯಿಯ ಪಾಲಿಸಿಯಲ್ಲಿ 2 ವರ್ಷ ಪೂರೈಸಿದ್ದಾರೆ. ಇನ್ನೊಂದು ವರ್ಷ ಕಳೆದರೆ ಆ ಕಾಯಿಲೆಗೂ ರಕ್ಷಣೆ ದೊರೆಯುತ್ತದೆ. ಪಾಲಿಸಿ ರದ್ದು ಮಾಡಿ ಹೊಸದು ಕೊಂಡರೆ, ಮತ್ತೆ 3 ವರ್ಷ ಕಾಯಬೇಕಾಗಬಹುದು. ವರ್ಗಾವಣೆ ಮಾಡಿಕೊಂಡರೆ ಆ 2 ವರ್ಷ ಲೆಕ್ಕಕ್ಕೆ ಸಿಗುತ್ತದೆ. ವಿಮೆಯ ಮೊತ್ತವನ್ನು 10 ಲಕ್ಷಕ್ಕೆ ಏರಿಸಿಕೊಂಡರೆ, ಹೆಚ್ಚುವರಿ 5 ಲಕ್ಷಕ್ಕೆ ಮಾತ್ರ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ.

ವರ್ಗಾವಣೆ ಹೇಗೆ?

ಪೋರ್ಟಬಿಲಿಟಿ ಎಂಬ ಈ ಸೌಲಭ್ಯ 2011ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದು ನವೀಕರಣದ ಸಮಯದಲ್ಲಿ ಮಾತ್ರ ಸಾಧ್ಯ, ನಡುವರ್ಷದಲ್ಲಿ ಅಲ್ಲ. ಸಾಮಾನ್ಯವಾಗಿ ನವೀಕರಣದ ದಿನಕ್ಕೆ 60ರಿಂದ 45 ದಿನ ಮೊದಲು ಹೊಸ ಕಂಪನಿಗೆ ಅರ್ಜಿ ಕೊಡಬೇಕು. ಮಾರ್ಚ್ 31ಕ್ಕೆ ಪಾಲಿಸಿ ಮುಗಿಯುವುದಾದರೆ, ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದೊಳಗೆ ಕೆಲಸ ಆಗಬೇಕು. ಹಳೆಯ ಪಾಲಿಸಿಗಳ ಪ್ರತಿ, ಕ್ಲೇಮ್ ವಿವರ, ವೈದ್ಯಕೀಯ ದಾಖಲೆಗಳನ್ನು ಜೊತೆಗಿಡಿ. ವರ್ಗಾವಣೆಗೆ ಪ್ರತ್ಯೇಕ ಶುಲ್ಕವಿಲ್ಲ.

ಹೊಸ ಕಂಪನಿ ಅರ್ಜಿಯನ್ನು ಒಪ್ಪಲೇಬೇಕೆಂದಿಲ್ಲ. ವಯಸ್ಸು, ಆರೋಗ್ಯ ನೋಡಿ ನಿರಾಕರಿಸಬಹುದು, ಹೆಚ್ಚು ಪ್ರೀಮಿಯಂ ಕೇಳಬಹುದು. ಆದ್ದರಿಂದ ಅಲ್ಲಿಂದ ಲಿಖಿತ ಒಪ್ಪಿಗೆ ಬರುವವರೆಗೆ ಹಳೆಯದನ್ನು ಬಿಡಬೇಡಿ. ಕೊನೆಯ ದಿನ ಬಂದರೂ ಉತ್ತರ ಬಾರದಿದ್ದರೆ ಹಳೆಯ ಪಾಲಿಸಿಯನ್ನೇ ನವೀಕರಿಸಿ. ಕಾಯಿಲೆಯನ್ನು ಮುಚ್ಚಿಟ್ಟು ಅರ್ಜಿ ತುಂಬಿದರೆ, ನಾಳೆ ಆಸ್ಪತ್ರೆಯ ಬಿಲ್ಲು ಬಂದಾಗ ಕ್ಲೇಮ್ ತಿರಸ್ಕೃತವಾಗುವ ಅಪಾಯವಿದೆ. ಏಜೆಂಟರು ತುಂಬಿದ ಅರ್ಜಿಯನ್ನೂ ಓದಿಯೇ ಸಹಿ ಹಾಕಿ.

ನಡುವೆ ರದ್ದು ಮಾಡಲೇಬೇಕಾದರೆ

7 ದಿನಗಳ ಲಿಖಿತ ನೋಟಿಸು ಕೊಟ್ಟು ರದ್ದು ಮಾಡಿಸಬಹುದು. ಒಂದು ವರ್ಷದ ಪಾಲಿಸಿಯಾಗಿದ್ದು, ಆ ಅವಧಿಯಲ್ಲಿ ಕ್ಲೇಮ್ ಮಾಡಿಲ್ಲದಿದ್ದರೆ, ಉಳಿದ ದಿನಗಳ ಪ್ರೀಮಿಯಂ ವಾಪಸು ಬರುತ್ತದೆ. ಹಣ ಬರುತ್ತದೆ ನಿಜ, ಆದರೆ ಕಾದ ವರ್ಷಗಳು ಬರುವುದಿಲ್ಲ.

ವಾಹನ ವಿಮೆಯ ಮಾತು ಬೇರೆ. ಅಲ್ಲಿ ನೋ ಕ್ಲೇಮ್ ಬೋನಸ್ ಮಾಲೀಕರದ್ದು. ಕಂಪನಿ ಬದಲಿಸಿದರೂ ಜೊತೆಗೇ ಬರುತ್ತದೆ. ಆದರೆ ಪಾಲಿಸಿ ಮುಗಿದ 90 ದಿನಗಳೊಳಗೆ ನವೀಕರಿಸದಿದ್ದರೆ ಕೈತಪ್ಪುತ್ತದೆ. ಜೀವ ವಿಮೆಗೆ ಇಂಥ ವರ್ಗಾವಣೆಯೇ ಇಲ್ಲ.

ತಕರಾರಿದ್ದರೆ ಮೊದಲು ಕಂಪನಿಗೆ ಬರೆದು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇಂದೇ ಪಾಲಿಸಿ ತೆಗೆದು ಮುಗಿಯುವ ದಿನಾಂಕ ನೋಡಿ. ಅದಕ್ಕೆ 60 ದಿನ ಹಿಂದಿನ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.